ಡಬ್ಬದಲ್ಲಿ ಏನಿದೆಯೆಂದು ತಿಳಿಯದೆ ಅಂಟಿನ ಕೆಲಸಕ್ಕೆ ಕೂರಬೇಡಿ

ಪಾದರಕ್ಷೆ, ಚೀಲ, ಪೀಠೋಪಕರಣ, ಮುದ್ರಣ, ಬಣ್ಣ, ಹೀಗೆ ಅಂಟು ಮತ್ತು ತಿನ್ನರ್ ಬಳಸುವ ಯಾವುದೇ ಕೆಲಸದಲ್ಲಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಚಪ್ಪಲಿಯ ಅಟ್ಟೆಗೆ ಅಂಟು ಹಚ್ಚುವ ವಿಭಾಗದಲ್ಲಿ ನಾನು ಹಲವು ವರ್ಷ ದುಡಿದೆ. ಈಗ ನನ್ನ ರಕ್ತದಲ್ಲಿ ಬಿಳಿ ರಕ್ತಕಣಗಳೂ ಪ್ಲೇಟ್‌ಲೆಟ್‌ಗಳೂ ಇರಬೇಕಾದಷ್ಟಿಲ್ಲ. ಪಕ್ಕದ ಮೇಜಿನಲ್ಲಿ ಕೂರುತ್ತಿದ್ದ ಹಿರಿಯ ಸಹೋದ್ಯೋಗಿಯೊಬ್ಬರು ತೀವ್ರ ಸ್ವರೂಪದ ಮೈಲಾಯ್ಡ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. ಇವೆರಡಕ್ಕೂ ನಾವು ಬಳಸುತ್ತಿದ್ದ ದ್ರಾವಕವೇ ಕಾರಣವೆಂದು ಸಾಬೀತು ಮಾಡಲು ನನ್ನಿಂದ ಆಗುವುದಿಲ್ಲ, ಏಕೆಂದರೆ ಆ ದ್ರಾವಕ ಯಾವುದೆಂದು ತಿಳಿಸುವ ಒಂದು ಕಾಗದವೂ ನಮ್ಮ ಕೈಯಲ್ಲಿಲ್ಲ. ನಿಮಗೆ ಈ ಸ್ಥಿತಿ ಬರಬಾರದು.

ಅಂಟು ದೊಡ್ಡ ಡ್ರಮ್ಮುಗಳಲ್ಲಿ ಬರುತ್ತಿತ್ತು. ಉಗ್ರಾಣದಲ್ಲಿ ಅದನ್ನು ಹಳೆಯ ಡಬ್ಬಗಳಿಗೆ ಸುರಿದು ನಮ್ಮ ಮೇಜಿಗೆ ಕಳುಹಿಸುತ್ತಿದ್ದರು. ಆ ಡಬ್ಬಗಳ ಮೇಲೆ ಲೇಬಲ್ ಇರುತ್ತಿರಲಿಲ್ಲ, ಇದ್ದರೂ ಹಿಂದೆ ಅದರಲ್ಲಿದ್ದ ಬೇರೆ ಯಾವುದೋ ಸರಕಿನದಾಗಿರುತ್ತಿತ್ತು. ಅಂಟು ಗಟ್ಟಿಯಾದಂತೆಲ್ಲ ತಿನ್ನರ್ ಬೆರೆಸಿ ಕಡ್ಡಿಯಿಂದ ಕಲಕುತ್ತಿದ್ದೆವು. ಬ್ರಷ್ ಅದ್ದಲು ಅನುಕೂಲವೆಂದು ಡಬ್ಬದ ಮುಚ್ಚಳ ದಿನವಿಡೀ ತೆರೆದೇ ಇರುತ್ತಿತ್ತು. ಪಾಳಿ ಮುಗಿದ ಮೇಲೆ ಬೆರಳುಗಳಿಗೆ ಮೆತ್ತಿದ ಅಂಟನ್ನು ಅದೇ ತಿನ್ನರಿನಲ್ಲಿ ತೊಳೆದುಕೊಳ್ಳುವುದು ಎಲ್ಲರ ರೂಢಿಯಾಗಿತ್ತು. ಚರ್ಮದ ಮೂಲಕವೂ ಅದು ದೇಹ ಸೇರುತ್ತದೆಂದು ಯಾರೂ ಹೇಳಿಕೊಡಲಿಲ್ಲ. ಗಾಳಿ ಹೊರಹಾಕುವ ಫ್ಯಾನ್ ಗೋಡೆಯ ಮೇಲ್ತುದಿಯಲ್ಲಿತ್ತು. ಇಂಥ ದ್ರಾವಕಗಳ ಆವಿ ಗಾಳಿಗಿಂತ ಭಾರವಾದುದರಿಂದ ಕೆಳಗೇ ನಿಲ್ಲುತ್ತದೆ, ಫ್ಯಾನ್ ಎಳೆದುಕೊಂಡಷ್ಟು ಆವಿಯೂ ಬಗ್ಗಿ ಕೆಲಸ ಮಾಡುವವರ ಮುಖವನ್ನು ಹಾದೇ ಮೇಲೇರುತ್ತದೆ. ಮಧ್ಯಾಹ್ನದ ಹೊತ್ತಿಗೆ ತಲೆ ಭಾರವಾಗುತ್ತಿತ್ತು, ರಜೆಯ ದಿನ ಹಗುರಾಗುತ್ತಿತ್ತು. ಹೊಸಬರು ವಾಸನೆಯ ಬಗ್ಗೆ ಕೇಳಿದರೆ ಸೂಪರ್‌ವೈಸರ್ ಕೊಡುತ್ತಿದ್ದ ಉತ್ತರ ಒಂದೇ: "ಸ್ವಲ್ಪ ದಿನ ತಡೆದುಕೊಳ್ಳಿ, ಆಮೇಲೆ ಗೊತ್ತೇ ಆಗುವುದಿಲ್ಲ."

ಅವರು ಹೇಳಿದ್ದು ನಿಜವೇ ಆಗಿತ್ತು, ಅಪಾಯವಿದ್ದದ್ದೂ ಅಲ್ಲೇ. ಮೂಗು ಒಗ್ಗಿಹೋಗುತ್ತದೆ. ರಬ್ಬರ್ ಅಂಟು, ತಿನ್ನರ್ ಮುಂತಾದವುಗಳಲ್ಲಿ ಹಿಂದೆ ಧಾರಾಳವಾಗಿ ಬಳಸುತ್ತಿದ್ದ, ಅಗ್ಗದ ಸರಕಿನಲ್ಲಿ ಈಗಲೂ ಬೆರೆತಿರಬಹುದಾದ ಬೆಂಜೀನ್ ಎಂಬ ದ್ರಾವಕಕ್ಕೆ ಅಮೆರಿಕದಲ್ಲಿ 1987ರಿಂದ ಇರುವ ಮಿತಿ, ಎಂಟು ಗಂಟೆಗಳ ಸರಾಸರಿಯಲ್ಲಿ, ಗಾಳಿಯ ಹತ್ತು ಲಕ್ಷ ಭಾಗಕ್ಕೆ 1 ಭಾಗ ಮಾತ್ರ. ಹೆಚ್ಚಿನವರ ಮೂಗಿಗೆ ಬೆಂಜೀನ್ ವಾಸನೆ ತಿಳಿಯುವ ಹೊತ್ತಿಗೆ ಆ ಮಿತಿ ದಾಟಿರುತ್ತದೆ. ಉಸಿರಿನೊಂದಿಗೆ ಒಳಹೋದ ಬೆಂಜೀನ್ ಯಕೃತ್ತಿನಲ್ಲಿ ಬೇರೆ ರಾಸಾಯನಿಕಗಳಾಗಿ ಮಾರ್ಪಡುತ್ತದೆ, ಅವು ರಕ್ತಕಣಗಳು ಹುಟ್ಟುವ ಅಸ್ಥಿಮಜ್ಜೆಯನ್ನು ಕೆಡಿಸುತ್ತವೆ. ಮೊದಲು ರಕ್ತಕಣಗಳ ಸಂಖ್ಯೆ ಇಳಿಯಬಹುದು, ಕೆಲವರಲ್ಲಿ ಅದು ಮುಂದೆ ಲ್ಯುಕೇಮಿಯಾಕ್ಕೆ ತಿರುಗಬಹುದು. ಇದು ಹೊಸ ಸಂಗತಿಯೂ ಅಲ್ಲ. ಇಸ್ತಾಂಬುಲ್‌ನ ಚಪ್ಪಲಿ ಕೆಲಸಗಾರರಲ್ಲಿ ಬೆಂಜೀನ್ ಇರುವ ಅಂಟಿನಿಂದ ಲ್ಯುಕೇಮಿಯಾ ಹೆಚ್ಚುತ್ತಿರುವುದನ್ನು ವೈದ್ಯ ಮುಜಫ್ಫರ್ ಅಕ್ಸೊಯ್ 1970ರ ದಶಕದಲ್ಲೇ ತೋರಿಸಿದ್ದರು; ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1971ರಲ್ಲೇ ಬೆಂಜೀನ್‌ಗೆಂದು ಪ್ರತ್ಯೇಕ ಒಪ್ಪಂದ ರೂಪಿಸಿತ್ತು. ಇಷ್ಟೆಲ್ಲ ತಿಳಿದಿರುವಾಗ ಹೆಸರಿಲ್ಲದ ಡಬ್ಬವನ್ನು ಕೆಲಸಗಾರರ ಮುಂದೆ ಇಡುವುದನ್ನು ಅಜ್ಞಾನವೆಂದು ಕ್ಷಮಿಸಲು ನನ್ನಿಂದ ಸಾಧ್ಯವಿಲ್ಲ.

ಸಹೋದ್ಯೋಗಿಯ ಕಾಯಿಲೆ ಗೊತ್ತಾದಾಗ ರಕ್ತರೋಗ ತಜ್ಞರು ಮೊದಲು ಕೇಳಿದ್ದು, ಅವರು ಯಾವ ರಾಸಾಯನಿಕದೊಂದಿಗೆ, ಎಷ್ಟು ವರ್ಷ ಕೆಲಸ ಮಾಡಿದ್ದರು ಎಂದು. ಕಾರ್ಖಾನೆಯಲ್ಲಿ ವಿಚಾರಿಸಿದರೆ, ಅಂಟು ಪೂರೈಸುವವರು ಬದಲಾಗಿದ್ದಾರೆ, ಹಳೆಯ ದಾಖಲೆ ಇಲ್ಲ ಎಂದರು. ವರ್ಷಕ್ಕೊಮ್ಮೆ ನಡೆಯುತ್ತಿದ್ದ ಆರೋಗ್ಯ ತಪಾಸಣೆಯಲ್ಲಿ ತೂಕ, ರಕ್ತದೊತ್ತಡ, ಕಣ್ಣು, ಎದೆಯ ಎಕ್ಸ್‌ರೇ ನೋಡಿ, ಕೆಲಸಕ್ಕೆ ಅರ್ಹರೆಂದು ಬರೆದು ಕಳುಹಿಸುತ್ತಿದ್ದರು. ರಕ್ತಕಣಗಳ ಎಣಿಕೆ, ಅಂದರೆ ಸಿಬಿಸಿ ಎಂಬ ಸಾಧಾರಣ ಪರೀಕ್ಷೆಯನ್ನು ಒಮ್ಮೆಯೂ ಮಾಡಿಸಿರಲಿಲ್ಲ. ಅದನ್ನು ನಿಯಮಿತವಾಗಿ ಮಾಡಿಸಿದ್ದರೆ ಎಣಿಕೆ ಇಳಿಯುತ್ತಿರುವುದು ತಿಳಿದು ಅವರನ್ನು ಆ ಮೇಜಿನಿಂದ ಎಬ್ಬಿಸಬಹುದಿತ್ತೇನೋ ಎಂಬ ಯೋಚನೆ ನನ್ನನ್ನು ಇಂದಿಗೂ ಬಿಟ್ಟಿಲ್ಲ.

ಆದ್ದರಿಂದ, ನೀವು ಮುಟ್ಟುವ ಪ್ರತಿಯೊಂದು ರಾಸಾಯನಿಕದ ಸುರಕ್ಷತಾ ಮಾಹಿತಿ ಪತ್ರವನ್ನು, ಅಂದರೆ ಸೇಫ್ಟಿ ಡೇಟಾ ಶೀಟನ್ನು, ಕೇಳಿ ಪಡೆಯಿರಿ. ಅದರ ಎರಡನೆಯ ವಿಭಾಗದಲ್ಲಿ ಅಪಾಯಗಳು, ಮೂರನೆಯದರಲ್ಲಿ ಘಟಕಗಳು ಇರುತ್ತವೆ. ಹೆಸರುಗಳು ಗೊಂದಲ ಹುಟ್ಟಿಸಿದರೆ ಅವುಗಳ ಮುಂದಿನ ಸಂಖ್ಯೆ ನೋಡಿ. 71-43-2 ಎಂದಿದ್ದರೆ ಅದು ಬೆಂಜೀನ್. ಡ್ರಮ್ಮಿನ ಮೇಲೆ ಎದೆಯಲ್ಲಿ ನಕ್ಷತ್ರದಂತೆ ಬಿರಿದ ಗುರುತುಳ್ಳ ಮನುಷ್ಯನ ಚಿತ್ರವಿದ್ದರೆ ದೀರ್ಘಕಾಲದ ಗಂಭೀರ ಹಾನಿಯ ಎಚ್ಚರಿಕೆ ಎಂದರ್ಥ, ಕ್ಯಾನ್ಸರ್ ಕೂಡ ಅದರಲ್ಲಿ ಸೇರಿರಬಹುದು. ನಮಗೆ ಕೊಟ್ಟಂಥ ಬಟ್ಟೆಯ ಮಾಸ್ಕನ್ನು ನಂಬಬೇಡಿ. ಧೂಳು ತಡೆಯುವ ಎನ್95 ಕೂಡ ಆವಿಯನ್ನು ತಡೆಯುವುದಿಲ್ಲ. ಆವಿಗೆ ಇದ್ದಿಲಿನ ಕಾರ್ಟ್ರಿಜ್ ಇರುವ ಮಾಸ್ಕೇ ಬೇಕು, ಆ ಕಾರ್ಟ್ರಿಜ್ಜನ್ನೂ ಕಾಲಕಾಲಕ್ಕೆ ಬದಲಿಸಬೇಕು. ಇದಕ್ಕಿಂತ ಮೊದಲು ಕೇಳಬೇಕಾದದ್ದು ನೀರಿನ ಆಧಾರದ ಅಂಟು, ಮೇಜಿನ ಮಟ್ಟದಲ್ಲೇ ಆವಿಯನ್ನು ಎಳೆದುಕೊಳ್ಳುವ ವ್ಯವಸ್ಥೆ ಮತ್ತು ಮುಚ್ಚಳವಿರುವ ಡಬ್ಬ.

ಬೇರೆ ಕಸುಬಿನವರಿಗೂ ಇದು ಅನ್ವಯಿಸುತ್ತದೆ. ಮರದ ಧೂಳಿನಿಂದ ಮೂಗಿನ ಕುಳಿಯ ಕ್ಯಾನ್ಸರ್, ಕೆಲವು ಬಣ್ಣದ ರಾಸಾಯನಿಕಗಳಿಂದ ಮೂತ್ರಕೋಶದ ಕ್ಯಾನ್ಸರ್ ಬರುತ್ತದೆಂದು ಖಚಿತವಾಗಿದೆ. ಕಲ್ನಾರಿನಿಂದ ಬರುವ ಕ್ಯಾನ್ಸರ್ 20ರಿಂದ 40 ವರ್ಷಗಳ ನಂತರ ಕಾಣಿಸಿಕೊಳ್ಳಬಹುದು, ಆ ವೇಳೆಗೆ ಕಾರ್ಖಾನೆಯೇ ಉಳಿದಿರುವುದಿಲ್ಲ.

ಹಾಗಾಗಿ ದಾಖಲೆ ನಿಮ್ಮ ಬಳಿಯೇ ಇರಲಿ. ಲೇಬಲ್‌ಗಳ ಫೋಟೊ ತೆಗೆದಿಡಿ, ಯಾವ ವಿಭಾಗದಲ್ಲಿ ಎಂದಿನಿಂದ ಎಂದಿನವರೆಗೆ ಇದ್ದಿರೆಂದು ಬರೆದಿಡಿ, ತಪಾಸಣೆಯ ವರದಿಗಳ ಪ್ರತಿಯನ್ನು ಕೆಲಸ ಬಿಡುವ ಮೊದಲೇ ಕೇಳಿ ಪಡೆಯಿರಿ. ಕಾರಣವಿಲ್ಲದೆ ಮೈ ಮೇಲೆ ನೀಲಿಗಟ್ಟುವುದು, ವಸಡಿನಲ್ಲಿ ರಕ್ತ, ಬಿಡದ ಸುಸ್ತು, ಮತ್ತೆ ಮತ್ತೆ ಬರುವ ಜ್ವರ ಕಂಡರೆ ತಡಮಾಡದೆ ರಕ್ತ ಪರೀಕ್ಷೆ ಮಾಡಿಸಿ. ವೈದ್ಯರು ಕೇಳದಿದ್ದರೂ ನಿಮ್ಮ ಕೆಲಸ ಏನೆಂದು, ಅದರಲ್ಲಿ ಏನನ್ನು ಬಳಸುತ್ತೀರೆಂದು ಹೇಳಿ ನಿಮ್ಮ ಕಡತದಲ್ಲಿ ಬರೆಸಿ.