ಬಜೆಟ್ ಗೇಮಿಂಗ್ ಪಿಸಿ: ಮೂರು ಡಬ್ಬಿ, ಒಂದೇ ಮಾನಿಟರ್

ಐವತ್ತು ಸಾವಿರದೊಳಗೆ ಗೇಮಿಂಗ್ ಡೆಸ್ಕ್‌ಟಾಪ್ ಬೇಕು ಅಂದರೆ ಮುಖ್ಯವಾಗಿ ಮೂರು ದಾರಿ ಇವೆ. ಗ್ರಾಫಿಕ್ಸ್ ಕಾರ್ಡ್ ತಗೊಳ್ಳದೆ, ಪ್ರೊಸೆಸರ್ ಒಳಗಿರುವ ಗ್ರಾಫಿಕ್ಸ್‌ನಲ್ಲೇ ಆಡುವುದು ಒಂದು. ಯಾವುದೋ ಆಫೀಸು ಹೊರಹಾಕಿದ ಹಳೇ ಕಂಪ್ಯೂಟರ್ ತಂದು, ಅದಕ್ಕೊಂದು ಸಣ್ಣ ಕಾರ್ಡ್ ಸಿಕ್ಕಿಸುವುದು ಇನ್ನೊಂದು. ಪ್ರೊಸೆಸರ್ ವಿಷಯದಲ್ಲಿ ಕೈ ಬಿಗಿ ಹಿಡಿದು, ಉಳಿದ ದುಡ್ಡನ್ನು ಗ್ರಾಫಿಕ್ಸ್ ಕಾರ್ಡ್‌ಗೆ ಸುರಿಯುವುದು ಮೂರನೆಯದು.

ನಮ್ಮ ಬಳಗದಲ್ಲಿ ಈ ಮೂರೂ ಇವೆ. ನನ್ನದು ರೈಜೆನ್ 5 5600ಜಿ ಪ್ರೊಸೆಸರ್, ಕಾರ್ಡ್ ಇಲ್ಲ. ಗೆಳೆಯನದು ಕೋರ್ ಐ5 6500 ಇರುವ ಆಫೀಸ್ ಡಬ್ಬಿ, ಜೊತೆಗೆ ಜಿಟಿಎಕ್ಸ್ 1650 ಕಾರ್ಡ್. ಅಕ್ಕನ ಮಗನದು ಕೋರ್ ಐ3 12100ಎಫ್ ಪ್ರೊಸೆಸರ್ ಮತ್ತು ರೇಡಿಯಾನ್ ಆರ್‌ಎಕ್ಸ್ 6600 ಕಾರ್ಡ್. ಮೂರನ್ನೂ ಒಂದೇ 24 ಇಂಚಿನ 1080ಪಿ (1920×1080 ಚುಕ್ಕೆಗಳ) ಮಾನಿಟರ್‌ಗೆ ಹಾಕಿ ಅವೇ ಆಟಗಳನ್ನು ಆಡಿ ನೋಡಿದೆ. ಹಗುರಕ್ಕೆ ವ್ಯಾಲೊರಂಟ್, ಮಧ್ಯಮಕ್ಕೆ ಜಿಟಿಎ 5, ಬೆವರಿಳಿಸಲು ಸೈಬರ್‌ಪಂಕ್ 2077.

ಖರ್ಚು, ಮಾನಿಟರ್ ಕೀಬೋರ್ಡ್ ಬಿಟ್ಟು: ಗೆಳೆಯನದು 20 ಸಾವಿರದ ಆಸುಪಾಸು, ನನ್ನದು 30 ಸಾವಿರ, ಹುಡುಗನದು ಹತ್ತಿರತ್ತಿರ 50. ಇದು ನಾವು ಕೊಂಡಾಗಿನ ಲೆಕ್ಕ. 2025ರ ಕೊನೆಯಿಂದ ರ‍್ಯಾಮ್ ರೇಟು ಸಿಕ್ಕಾಪಟ್ಟೆ ಏರಿದೆ, ಎಸ್‌ಎಸ್‌ಡಿಯೂ ಅದರ ಹಿಂದೆಯೇ ಹೊರಟಿದೆ. ಹಾಗಾಗಿ ಮೊತ್ತ ನೋಡಬೇಡಿ, ಒಂದಕ್ಕೊಂದು ಎಷ್ಟು ಅಂತರ ಅಂತ ನೋಡಿ.

ಮೊದಲು ನನ್ನದು. 5600ಜಿ ಬಂದದ್ದು 2021ರಲ್ಲಿ. 6 ಕೋರ್ (ಲೆಕ್ಕ ಮಾಡುವ ಘಟಕ), 12 ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸ), ಒಳಗೇ ವೇಗಾ ಗ್ರಾಫಿಕ್ಸ್. ವ್ಯಾಲೊರಂಟ್‌ನಲ್ಲಿ ಎಲ್ಲವನ್ನೂ ಲೋ ಸೆಟ್ಟಿಂಗ್‌ಗೆ ಇಟ್ಟರೆ ಸೆಕೆಂಡಿಗೆ ಆರಾಮಾಗಿ ನೂರರ ಮೇಲೆ ಫ್ರೇಮ್ (ಪರದೆಯ ಮೇಲೆ ಬದಲಾಗುವ ಚಿತ್ರ) ಬರುತ್ತದೆ. ಜಿಟಿಎ 5 ನಾರ್ಮಲ್ ಸೆಟ್ಟಿಂಗ್‌ನಲ್ಲಿ ಐವತ್ತು ಅರವತ್ತರ ನಡುವೆ ಓಡುತ್ತದೆ. ಸೈಬರ್‌ಪಂಕ್ ಮಾತ್ರ ಬೇಡ. 1080ಪಿಯಲ್ಲಿ ಕನಿಷ್ಠ ಸೆಟ್ಟಿಂಗ್‌ಗೂ ಇಪ್ಪತ್ತು ಚಿಲ್ಲರೆ. 720ಪಿಗೆ ಇಳಿಸಿ ಎಫ್‌ಎಸ್‌ಆರ್ (ಸಣ್ಣ ಚಿತ್ರವನ್ನು ಹಿಗ್ಗಿಸಿ ತೋರಿಸುವ ತಂತ್ರ) ಹಾಕಿದರೆ ಮೂವತ್ತು ದಾಟುತ್ತದೆ, ಆದರೆ ಆಟದೊಳಗಿನ ಊರು ನೈಟ್ ಸಿಟಿ ಪೂರ್ತಿ ಕನ್ನಡಕ ತೆಗೆದಿಟ್ಟು ನೋಡಿದ ಹಾಗೆ ಕಾಣುತ್ತದೆ.

ಈ ದಾರಿಯಲ್ಲಿ ಹೋಗುವವರು ತಿಳಿದಿರಬೇಕಾದ ಸಂಗತಿ ಒಂದಿದೆ. ಅಂಗಡಿಯವರು ಅದನ್ನು ಹೇಳುವುದು ಕಡಿಮೆ. ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್‌ಗೆ ತನ್ನದೇ ಅಂತ ಮೆಮೊರಿ ಇಲ್ಲ. ಸಿಸ್ಟಂ ರ‍್ಯಾಮನ್ನೇ ಬಳಸಿಕೊಳ್ಳಬೇಕು. ಡಿಡಿಆರ್4 3200 ರ‍್ಯಾಮ್ ಒಂದೇ ಕಡ್ಡಿ ಇದ್ದರೆ ಸೆಕೆಂಡಿಗೆ 25.6 ಜಿಬಿ ಸಾಗುತ್ತದೆ, ಎರಡಿದ್ದರೆ 51.2 ಜಿಬಿ. ಆರ್‌ಎಕ್ಸ್ 6600 ಕಾರ್ಡ್‌ನ ಸ್ವಂತ ಮೆಮೊರಿ 224 ಜಿಬಿ ಸಾಗಿಸುತ್ತದೆ. ಗ್ರಾಫಿಕ್ಸ್ ಎಲ್ಲಿ ಉಸಿರುಗಟ್ಟುತ್ತದೆ ಅಂತ ಇದರಲ್ಲೇ ಗೊತ್ತಾಗುತ್ತೆ ಅಲ್ವಾ? ನೋಡೇಬಿಡೋಣ ಅಂತ ಪಿಸಿ ಆಫ್ ಮಾಡಿ, ಎರಡು 8 ಜಿಬಿ ಕಡ್ಡಿಗಳಲ್ಲಿ ಒಂದನ್ನು ಕಿತ್ತು ಪಕ್ಕಕ್ಕಿಟ್ಟೆ. ಅದೇ ಜಿಟಿಎ, ಅದೇ ರಸ್ತೆ, ಅದೇ ಕಾರು. ಫ್ರೇಮ್ ನಲವತ್ತರ ಕೆಳಗೆ ಬಂತು, ತಿರುವುಗಳಲ್ಲಿ ಜರ್ಕ್ ಹೊಡೆಯಲು ಶುರುವಾಯಿತು. ಮತ್ತೆ ಸಿಕ್ಕಿಸಿದೆ, ಸರಿಹೋಯಿತು.

ಆದ್ದರಿಂದ 'ಸದ್ಯಕ್ಕೆ 16 ಜಿಬಿಯ ಒಂದೇ ಕಡ್ಡಿ ಹಾಕ್ಕೊಳ್ಳಿ ಸಾರ್, ಮುಂದೆ ಇನ್ನೊಂದು ಸೇರಿಸಿದ್ರಾಯ್ತು' ಅನ್ನುವ ಮಾತಿಗೆ ಈ ಪ್ರೊಸೆಸರ್ ವಿಷಯದಲ್ಲಿ ತಲೆ ಆಡಿಸಬೇಡಿ. ಎಂಟು ಎಂಟರ ಎರಡೇ ಬೇಕು. ಮನೆಗೆ ತಂದ ಮೇಲೆ ಬಯೋಸ್‌ಗೆ (ಮದರ್‌ಬೋರ್ಡ್‌ನ ಮೂಲ ಸೆಟ್ಟಿಂಗ್‌ಗೆ) ಹೋಗಿ, ಮೆಮೊರಿಯನ್ನು ಬರೆದ ವೇಗದಲ್ಲೇ ಓಡಿಸುವ ಎಕ್ಸ್‌ಎಂಪಿ ಆನ್ ಮಾಡಬೇಕು. ಇಲ್ಲದಿದ್ದರೆ 3200 ಅಂತ ಬರೆದಿರುವ ರ‍್ಯಾಮ್ 2133ರಲ್ಲೋ 2400ರಲ್ಲೋ ತೆವಳುತ್ತಿರುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ.

ಮುಂದೆ ಕಾರ್ಡ್ ಹಾಕಿಕೊಳ್ಳಬಹುದಾ? ಹಾಕಬಹುದು. ಹುಡುಗನ 6600ನ್ನು ಒಂದು ಸಂಜೆ ಕಿತ್ತು ನನ್ನದಕ್ಕೆ ಹಾಕಿ ನೋಡಿದೆ. ಸೈಬರ್‌ಪಂಕ್‌ನಲ್ಲಿ ಅವನದಕ್ಕಿಂತ ಕೆಲವೇ ಫ್ರೇಮ್ ಹಿಂದೆ ಬಿತ್ತು, ಅಷ್ಟೇ. 5600ಜಿಯಲ್ಲಿ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ಚುರುಕು ಮೆಮೊರಿ) 16 ಎಂಬಿ ಮಾತ್ರ, ಸಾದಾ 5600ರಲ್ಲಿ 32. ಕಾರ್ಡ್ ಕೂರುವ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಕೂಡ ಮೂರನೇ ತಲೆಮಾರಿನದು. 6600ಕ್ಕೆ ಅದರಿಂದ ದೊಡ್ಡ ತೊಂದರೆ ಇಲ್ಲ. ಆದರೆ ಅಗ್ಗ ಅಂತ 4 ಜಿಬಿಯ ಆರ್‌ಎಕ್ಸ್ 6500 ಎಕ್ಸ್‌ಟಿ ತಂದು ಈ ಬೋರ್ಡ್‌ಗೆ ಹಾಕಬೇಡಿ. ಅದು ಬಳಸುವುದು ನಾಲ್ಕೇ ಲೇನ್ (ಡೇಟಾ ಸಾಗುವ ದಾರಿ). ಹಳೇ ತಲೆಮಾರಿನ ಸ್ಲಾಟ್‌ನಲ್ಲಿ ಚೆನ್ನಾಗಿ ಸೊರಗುತ್ತದೆ.

ಇನ್ನು ಆಫೀಸ್ ಡಬ್ಬಿ. ಮೊದಲು ಹೊಗಳಿಬಿಡುತ್ತೇನೆ. ಕಟ್ಟಿದ ರೀತಿ ನೋಡಿದರೆ ಖುಷಿಯಾಗುತ್ತದೆ. ಸ್ಕ್ರೂ ಡ್ರೈವರ್ ಬೇಡ, ಹಿಂದಿನ ಕೊಕ್ಕೆ ಎಳೆದರೆ ಮುಚ್ಚಳ ಕೈಗೆ ಬರುತ್ತದೆ. ತಗಡು ಗಟ್ಟಿ, ವೈರುಗಳು ಅಚ್ಚುಕಟ್ಟು. ಮುಚ್ಚಳ ತೆಗೆದ ಮೇಲೆ ತಾಪತ್ರಯ ಶುರು. ಕಾರ್ಡ್ ಕೂರುವ ಜಾಗ ಅರ್ಧ ಎತ್ತರದ್ದು. ಎಸ್‌ಎಂಪಿಎಸ್ (ಪವರ್ ಸಪ್ಲೈ) ಮೇಲಿನ ಚೀಟಿ ಓದಿದರೆ 180 ವ್ಯಾಟ್, ಗ್ರಾಫಿಕ್ಸ್ ಕಾರ್ಡ್‌ಗೆ ಕೊಡುವ ಪ್ರತ್ಯೇಕ ವೈರ್ ಇಲ್ಲವೇ ಇಲ್ಲ. ದೊಡ್ಡ ಎಸ್‌ಎಂಪಿಎಸ್ ಹಾಕೋಣ ಅಂದರೆ ಮದರ್‌ಬೋರ್ಡ್‌ನ ಪವರ್ ಪಿನ್ನು ಮಾರುಕಟ್ಟೆಯ ಮಾಮೂಲಿ ಪಿನ್ನಲ್ಲ, ಡಬ್ಬಿಯೊಳಗೆ ಜಾಗವೂ ಇಲ್ಲ. ಅಂದರೆ ಕಾರ್ಡ್ ಸ್ಲಾಟ್‌ನಿಂದ ಸಿಗುವ 75 ವ್ಯಾಟ್‌ನಲ್ಲೇ ಬದುಕಬೇಕು. 2019ರ ಜಿಟಿಎಕ್ಸ್ 1650 ಆ ಮಿತಿಗೆ ಹೊಂದುತ್ತದೆ, ಅರ್ಧ ಎತ್ತರದ ಮಾದರಿಯೂ ಸಿಗುತ್ತದೆ. ಆದರೆ ಕುಳ್ಳ ಕಾರ್ಡ್ ಅನ್ನುವ ಕಾರಣಕ್ಕೇ ಅದಕ್ಕೆ ರೇಟು ಜಾಸ್ತಿ ಕೇಳುತ್ತಾರೆ.

ಆಟದಲ್ಲಿ ಹೇಗೆ? ಜಿಟಿಎ 5 ನನ್ನ ಪಿಸಿಗಿಂತ ಚೆನ್ನಾಗಿ ಓಡಿತು, ಹೈ ಸೆಟ್ಟಿಂಗ್‌ನಲ್ಲೂ ಅರವತ್ತರ ಮೇಲೆ. ಸೈಬರ್‌ಪಂಕ್ ಲೋ ಸೆಟ್ಟಿಂಗ್‌ನಲ್ಲಿ ಸರಾಸರಿ ನಲವತ್ತರ ಹತ್ತಿರ ತೋರಿಸಿತು. ಆದರೆ ಸರಾಸರಿ ಮೋಸ ಮಾಡುತ್ತದೆ. ಜೋರಾಗಿ ಬೈಕ್ ಓಡಿಸಿದರೆ ಚಿತ್ರ ನಿಂತು ನಿಂತು ಬರುತ್ತದೆ, ಯಾಕಂದರೆ ಐ5 6500ಗೆ ಇರುವುದು ನಾಲ್ಕು ಕೋರ್, ನಾಲ್ಕೇ ಥ್ರೆಡ್. ನಾಲ್ಕೂ ನೂರು ಪರ್ಸೆಂಟ್‌ಗೆ ಅಂಟಿಕೊಂಡಿದ್ದವು. ಕಾರ್ಡ್‌ಗೆ ಇನ್ನೂ ಕಸುವಿತ್ತು, ಪ್ರೊಸೆಸರ್ ಕೈಚೆಲ್ಲಿತು.

ಇದಕ್ಕಿಂತ ದೊಡ್ಡ ತೊಡಕು ವಿಂಡೋಸ್‌ನದು. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಇಂಟೆಲ್‌ನಲ್ಲಿ ಹೆಚ್ಚು ಕಡಿಮೆ ಎಂಟನೇ ತಲೆಮಾರಿನಿಂದ ಈಚಿನದನ್ನಷ್ಟೇ ಒಪ್ಪುತ್ತದೆ, ಐ5 6500 ಆರನೆಯದು. ಅಡ್ಡದಾರಿಯಲ್ಲಿ ಹಾಕಬಹುದು, ಬಹಳ ಜನ ಹಾಕಿದ್ದಾರೆ. ಆದರೆ ವಿಂಡೋಸ್ 11ರಲ್ಲಿ ವ್ಯಾಲೊರಂಟ್ ಟಿಪಿಎಂ 2.0 (ಭದ್ರತಾ ಚಿಪ್), ಸೆಕ್ಯೂರ್ ಬೂಟ್ (ಪಿಸಿ ಆನ್ ಆಗುವಾಗಿನ ಭದ್ರತಾ ತಪಾಸಣೆ) ಎರಡೂ ಇವೆಯಾ ಅಂತ ನೋಡುತ್ತದೆ. ಇಲ್ಲದಿದ್ದರೆ 'ವ್ಯಾನ್ 9001' ಅಂತ ಎರರ್ ತೋರಿಸಿ ಬಾಗಿಲು ಹಾಕಿಕೊಳ್ಳುತ್ತದೆ. ಹಳೇ ಡಬ್ಬಿ ತಗೊಳ್ಳುವುದೇ ಆದರೆ ಐ5 8500 ಇರುವುದನ್ನು ಹುಡುಕಿ. ಆರು ಕೋರ್ ಸಿಗುತ್ತದೆ, ಈ ರಗಳೆಯೂ ತಪ್ಪುತ್ತದೆ.

ಇನ್ನೊಂದು ಮಾತು. ಬಣ್ಣಬಣ್ಣದ ಫ್ಯಾನ್ ಹಾಕಿ, 'ಐ7 ಗೇಮಿಂಗ್ ಪಿಸಿ, ಬರೀ 15 ಸಾವಿರ' ಅಂತ ಮಾರುವುದನ್ನು ನೋಡಿರುತ್ತೀರಿ. ಐ7 ಅನ್ನುವುದರ ಮುಂದಿನ ನಂಬರ್ ಕೇಳಿ. 2600 ಅಂದರೆ 2011ರದ್ದು, 3770 ಅಂದರೆ 2012ರದ್ದು. ಜೊತೆಗೆ ಕೊಡುವ ಕಾರ್ಡ್ ಜಿಟಿ 730 ಆಗಿದ್ದರೆ ಸುಮ್ನೆ ಎದ್ದು ಬನ್ನಿ. ಅದಕ್ಕಿಂತ ನನ್ನ ಕಾರ್ಡಿಲ್ಲದ ಪಿಸಿಯೇ ಮೇಲು.

ಹುಡುಗನ ಪಿಸಿ ಬಗ್ಗೆ ಹೆಚ್ಚು ಬರೆಯುವಂಥದ್ದು ಇಲ್ಲ, ಯಾಕಂದರೆ ಅದು ತಕರಾರಿಲ್ಲದೆ ಓಡುತ್ತದೆ. 12100ಎಫ್ ನಾಲ್ಕೇ ಕೋರ್, ಆದರೆ ಎಂಟು ಥ್ರೆಡ್, ಮತ್ತು ಒಂದೊಂದು ಕೋರೂ ಐ5 6500ರದ್ದಕ್ಕಿಂತ ಬಹಳ ಚುರುಕು. ಸೈಬರ್‌ಪಂಕ್ ಹೈ ಸೆಟ್ಟಿಂಗ್‌ನಲ್ಲಿ, ರೇ ಟ್ರೇಸಿಂಗ್ (ಬೆಳಕನ್ನು ನಿಜದಂತೆ ತೋರಿಸುವ ತಂತ್ರ) ಆಫ್ ಮಾಡಿ, ಹೆಚ್ಚು ಹೊತ್ತು ಅರವತ್ತರ ಮೇಲೇ ಇತ್ತು. ಜನ ಕಿಕ್ಕಿರಿದ ಮಾರ್ಕೆಟ್‌ನಲ್ಲಿ ಐವತ್ತರ ಹತ್ತಿರ ಇಳಿಯಿತು. ಜಿಟಿಎ ನೂರು ದಾಟಿತು. ವ್ಯಾಲೊರಂಟ್‌ಗೆ ಇದು ಅತಿಯಾಯಿತು.

ಹೆಸರಿನ ಕೊನೆಯ 'ಎಫ್' ಅಂದರೆ ಒಳಗೆ ಗ್ರಾಫಿಕ್ಸ್ ಇಲ್ಲ ಅಂತ. ಮಾನಿಟರ್ ಕೇಬಲ್ಲನ್ನು ಕಾರ್ಡ್‌ಗೇ ಹಾಕಬೇಕು. ಮದರ್‌ಬೋರ್ಡ್‌ನ ಎಚ್‌ಡಿಎಂಐಗೆ ಸಿಕ್ಕಿಸಿ 'ಹೊಸ ಪಿಸಿ ಸತ್ತೋಯ್ತು' ಅಂತ ಅಂಗಡಿಗೆ ಫೋನ್ ಮಾಡುವವರು ಕಡಿಮೆ ಇಲ್ಲ. ಕಾರ್ಡ್ ಕೆಟ್ಟು ವಾರಂಟಿಗೆ ಹೋದರೆ ಅಷ್ಟು ದಿನ ಪಿಸಿ ಮೂಲೆಗೇ. ಆ ವಿಷಯದಲ್ಲಿ ನನ್ನ 5600ಜಿ ಗೆಲ್ಲುತ್ತದೆ.

ಕಾರ್ಡ್ ಆರಿಸುವಾಗ ಕಂಪ್ಯೂಟರ್ ಅಂಗಡಿಗಳ ಸಾಲಿರುವ ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಕೇಳಿದ ಕಡೆಯೆಲ್ಲ ಆರ್‌ಟಿಎಕ್ಸ್ 3050 ತಗೊಳ್ಳಿ ಅಂದರು. ಅದರ ಕಂಪನಿ ಎನ್‌ವಿಡಿಯಾ, ಮಾರಾಟವಾಗುವ ಹೆಸರು. ಬರೀ ಆಟಕ್ಕಾದರೆ 6600 ಅದಕ್ಕಿಂತ ಸ್ಪಷ್ಟವಾಗಿ ಜೋರು. 2024ರಲ್ಲಿ ಬಂದ 6 ಜಿಬಿಯ 3050 ಅಂತೂ ಹೆಸರು ಮಾತ್ರ ಅದೇ, 8 ಜಿಬಿಯದಕ್ಕಿಂತ ಕೋರೂ ಕಡಿಮೆ, ಮೆಮೊರಿ ದಾರಿಯೂ ಕಿರಿದು. ಬ್ಲೆಂಡರ್ (3ಡಿ ಸಾಫ್ಟ್‌ವೇರ್), ವಿಡಿಯೋ ಎಡಿಟಿಂಗ್ ಕೆಲಸ ಇದ್ದವರಿಗೆ ಮಾತ್ರ ಎನ್‌ವಿಡಿಯಾ ಕಡೆ ಒಲವು ನ್ಯಾಯ. ಸೆಕೆಂಡ್ ಹ್ಯಾಂಡ್ ಕಾರ್ಡ್? 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ಮೈನಿಂಗ್ (ಗ್ರಾಫಿಕ್ಸ್ ಕಾರ್ಡ್‌ಗಳಿಂದ ಕ್ರಿಪ್ಟೋ ನಾಣ್ಯ ಗಳಿಸುವುದು) ನಿಂತ ಮೇಲೆ ಹಗಲೂ ರಾತ್ರಿ ದುಡಿದ ಕಾರ್ಡ್‌ಗಳು ರಾಶಿ ಮಾರಾಟಕ್ಕೆ ಬಂದವು. ಕೊಳ್ಳುವ ಮುಂಚೆ ಎದುರಿಗೇ ಅರ್ಧ ಗಂಟೆ ಆಟ ಓಡಿಸಿ, ಫ್ಯಾನ್ ಸದ್ದು, ಬಿಸಿ ಎರಡನ್ನೂ ಗಮನಿಸಿ. ಓಡಿಸಲು ಬಿಡದವನ ಹತ್ತಿರ ಬೇಡ.

ಎಸ್‌ಎಂಪಿಎಸ್‌ನಲ್ಲಿ ಜಿಪುಣತನ ಮಾಡಬೇಡಿ. ಕ್ಯಾಬಿನೆಟ್ ಜೊತೆ ಫ್ರೀ ಬರುವ 'ಲೋಕಲ್ 450 ವ್ಯಾಟ್'ಗೆ ಬರೆದಷ್ಟು ಶಕ್ತಿ ಇರುವುದು ಅಪರೂಪ. 6600 ಎಳೆಯುವುದು 132 ವ್ಯಾಟ್ ಅಷ್ಟೇ, ಹುಡುಗನಿಗೆ 550 ವ್ಯಾಟ್‌ನ ಬ್ರಾಂಜ್ ರೇಟಿಂಗ್‌ನದು (ದಕ್ಷತೆಯ ಗುರುತು) ಹಾಕಿಸಿದೆವು. ಅವನಿರುವುದು ಶಿವಮೊಗ್ಗದಲ್ಲಿ. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದು ಮಾಡುತ್ತದೆ, ಹಾಗಾಗಿ 600 ವಿಎ ಯುಪಿಎಸ್ ಕೂಡ ತಂದೆವು. ಅದರ ನಿಜವಾದ ತಾಕತ್ತು 360 ವ್ಯಾಟ್. ಆಟ ಸೇವ್ ಮಾಡಿ ಆಫ್ ಮಾಡುವಷ್ಟು ಹೊತ್ತು ಸಿಗುತ್ತದೆ.

ಹಾಗಾದರೆ ಯಾವುದು? ವ್ಯಾಲೊರಂಟ್, ಕೌಂಟರ್ ಸ್ಟ್ರೈಕ್, ಮೈನ್‌ಕ್ರಾಫ್ಟ್ ಇಷ್ಟೇ ಆಡುವವರು, ಜೊತೆಗೆ ಓದು, ಕೋಡಿಂಗ್ ಇರುವವರು ನನ್ನ ದಾರಿ ಹಿಡಿಯಿರಿ. ಒಂದು ವರ್ಷ ಬಿಟ್ಟು ಕಾರ್ಡ್ ಸೇರಿಸಬಹುದು, ಏನೂ ಬಿಸಾಕಬೇಕಿಲ್ಲ. ಆದರೆ ಮೊದಲ ದಿನವೇ ಒಳ್ಳೆಯ ಎಸ್‌ಎಂಪಿಎಸ್ ಹಾಕಿಸಿಕೊಂಡಿರಿ. ದೊಡ್ಡ ಕಥೆಯ ಆಟಗಳೇ ಬೇಕು, ಐವತ್ತು ಸಾವಿರ ಕೈಯಲ್ಲಿದೆ ಅಂದರೆ ಹುಡುಗನದೇ ಸರಿ, ಎರಡನೇ ಯೋಚನೆ ಬೇಡ. ಮುಂದೆ ಅದೇ ಬೋರ್ಡ್‌ಗೆ ಐ5 12400ಎಫ್ ಹಾಕಬಹುದು. ಆಫೀಸ್ ಡಬ್ಬಿ ಮನೆಯಲ್ಲಿ ಆಗಲೇ ಇದ್ದರೆ, ಇಲ್ಲವೇ ಯಾರಾದರೂ ಪುಕ್ಕಟೆ ಕೊಟ್ಟರೆ ಮಾತ್ರ ಕಾರ್ಡ್ ಹಾಕಿ ಆಡಿ. ದುಡ್ಡು ಕೊಟ್ಟು ತರುವುದಾದರೆ ನನಗೆ ಒಪ್ಪಿಗೆ ಇಲ್ಲ. ಅದರಿಂದ ಮುಂದಿನ ಪಿಸಿಗೆ ಕಾರ್ಡ್ ಒಂದು ಬಿಟ್ಟರೆ ಏನೂ ದಾಟುವುದಿಲ್ಲ.

ಅಂಗಡಿಗೆ ಹೋಗುವಾಗ ಕೊಟೇಶನ್ ಎರಡು ಮೂರು ಕಡೆ ಬರೆಸಿಕೊಳ್ಳಿ. ಚಿಕ್ಕಪೇಟೆ ಮೆಟ್ರೋದಲ್ಲಿ ಇಳಿದರೆ ಎಸ್‌ಪಿ ರೋಡ್ ನಡೆದು ಹೋಗುವಷ್ಟು ಹತ್ತಿರ. ಬಿಲ್ ಬೇಡ ಅಂದರೆ ಕಮ್ಮಿ ಮಾಡುತ್ತೇವೆ ಅನ್ನುವವರು ಸಿಗುತ್ತಾರೆ. 18 ಪರ್ಸೆಂಟ್ ಜಿಎಸ್‌ಟಿ ಉಳಿಯಿತು ಅಂತ ಹಿಗ್ಗಬೇಡಿ, ವಾರಂಟಿಗೆ ಹೋದಾಗ ಬಿಲ್ ಕೇಳುತ್ತಾರೆ. ಪ್ರತಿ ಬಿಡಿಭಾಗದ ಸೀರಿಯಲ್ ನಂಬರ್ ಬಿಲ್ ಮೇಲೆ ಬರೆಸಿ, ಡಬ್ಬಗಳನ್ನೂ ಕೇಳಿ ತನ್ನಿ.