ಕಡಿಮೆ ಬಜೆಟ್‌ನ ಆರ್ಚ್‌ಟಾಪ್ ಗಿಟಾರ್: ಎಲ್ಲ ಚೆನ್ನ, ಬ್ರಿಡ್ಜ್ ಒಂದು ಬಿಟ್ಟು

ಈ ಆರ್ಚ್‌ಟಾಪ್ (ಮೇಲ್ಭಾಗ ಉಬ್ಬಿರುವ) ಗಿಟಾರ್ ಮಾಡಿದವರು ಮರಕ್ಕೆ, ಬಣ್ಣಕ್ಕೆ, ಅಂಚಿನ ಬೈಂಡಿಂಗ್‌ಗೆ ತೋರಿಸಿದ ಶ್ರದ್ಧೆಯಲ್ಲಿ ಅರ್ಧದಷ್ಟನ್ನು ತಂತಿಗಳನ್ನು ಹೊರುವ ಬ್ರಿಡ್ಜ್‌ಗೂ ತೋರಿಸಿದ್ದರೆ ನನ್ನ ವಿಮರ್ಶೆ ನಾಲ್ಕು ಸಾಲಿನಲ್ಲಿ ಮುಗಿಯುತ್ತಿತ್ತು. ಕಂಪನಿಯ ಹೆಸರು ಹಾಕುತ್ತಿಲ್ಲ. ಇದು ಒಬ್ಬರ ತಪ್ಪಲ್ಲ. ಇದೇ ಬೆಲೆಯ ಬೇರೆ ಹೆಸರಿನ ಗಿಟಾರ್‌ಗಳಲ್ಲೂ ಇದೇ ತೊಂದರೆ ಕಂಡಿದ್ದೇನೆ. ಹಾಗಾಗಿ ಜಾಸ್ತಿ ದುಡ್ಡಿಲ್ಲದೆ ಒಳ್ಳೆಯ ಜಾಝ್ ಗಿಟಾರ್ ಹುಡುಕುತ್ತಿರುವವರು ಯಾವ ಹೆಸರಿನದ್ದು ಕೊಂಡರೂ ಇದು ಉಪಯೋಗಕ್ಕೆ ಬರಬಹುದು.

ನನ್ನದು ಲ್ಯಾಮಿನೇಟೆಡ್ (ತೆಳು ಪದರಗಳನ್ನು ಅಂಟಿಸಿದ) ಮೇಪಲ್ ಮರ, ಪೂರ್ತಿ ಟೊಳ್ಳು, 16 ಇಂಚು ಅಗಲ, ಎರಡು ಹಂಬಕರ್ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ). ನಾನು ನುಡಿಸುವುದು ಮನೆಯಲ್ಲಿ, ಹೆಚ್ಚಾಗಿ ರಾತ್ರಿ, ಎಷ್ಟೋ ಸಲ ಆಂಪ್ (ಆಂಪ್ಲಿಫೈಯರ್) ಹಾಕದೆಯೇ. ಆಗಾಗ ಬಾಸ್, ಡ್ರಮ್ಸ್ ನುಡಿಸುವ ಗೆಳೆಯರ ಜೊತೆ ಕೂರುತ್ತೇನೆ. ವೇದಿಕೆಯ ಮೇಲೆ ಜೋರಾಗಿ ನುಡಿಸುವವರ ಅನುಭವ ಬೇರೆ ಇರಬಹುದು.

ಈಗ ಬ್ರಿಡ್ಜ್ ವಿಷಯಕ್ಕೆ ಬರೋಣ. ಆರ್ಚ್‌ಟಾಪ್‌ನಲ್ಲಿ ಬ್ರಿಡ್ಜ್‌ಗೆ ಅಂಟು ಹಾಕಿರುವುದಿಲ್ಲ, ಸ್ಕ್ರೂ ಹೊಡೆದಿರುವುದಿಲ್ಲ. ತಂತಿಗಳು ಕೆಳಗೆ ಒತ್ತುವ ಬಲದಿಂದಲೇ ಅದು ನಿಂತಿರುತ್ತದೆ. ತಂತಿಯ ಕಂಪನ ಗಿಟಾರ್‌ನ ಮೇಲ್ಭಾಗಕ್ಕೆ ಇಳಿಯುವುದು ಮುಖ್ಯವಾಗಿ ಬ್ರಿಡ್ಜ್‌ನ ಕೆಳಭಾಗವಾದ ಮರದ ಪಾದದ ಮೂಲಕ. ಮೇಲ್ಭಾಗ ಉಬ್ಬಿರುತ್ತದೆ, ಅಲ್ವಾ? ಪಾದದ ತಳವೂ ಅದೇ ಉಬ್ಬಿಗೆ ಸರಿಯಾಗಿ ಕೂರಬೇಕು. ನನ್ನದರಲ್ಲಿ ಪಾದದ ಎರಡು ತುದಿ ಮಾತ್ರ ತಾಗುತ್ತಿದ್ದವು. ನಡುವೆ ಒಂದು ಕಾಗದ ತೂರಿಸಿದರೆ ಸಲೀಸಾಗಿ ಆಚೆಯಿಂದ ಬರುತ್ತಿತ್ತು. ಹನ್ನೆರಡನೇ ಫ್ರೆಟ್ (ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿ) ದಾಟಿದ ಮೇಲೆ ಸ್ವರಗಳು ತೆಳ್ಳಗಾಗಿ ಹುಟ್ಟುತ್ತಲೇ ಸಾಯುತ್ತಿದ್ದವು. ಪಿಕಪ್ ಕಳಪೆ ಎಂದು ಅನೇಕರು ಇಂಥ ಗಿಟಾರ್ ಮಾರಿಬಿಡುತ್ತಾರೆ. ಪಿಕಪ್‌ನಲ್ಲಿ ಏನೂ ತೊಂದರೆ ಇರಲಿಲ್ಲ.

ಇನ್ನೊಂದು ಕಿರಿಕಿರಿ ಪಾದದ ಮೇಲೆ ಕೂತು ತಂತಿಗಳನ್ನು ಹೊರುವ ಲೋಹದ ಸ್ಯಾಡಲ್‌ದು. ಟ್ಯೂನ್-ಒ-ಮ್ಯಾಟಿಕ್ ಮಾದರಿಯದ್ದು, ಪ್ರತಿ ತಂತಿಗೂ ಒಂದು ಪುಟ್ಟ ಸ್ಕ್ರೂ, ಅವನ್ನೆಲ್ಲ ಹಿಡಿದಿಡಲು ಒಂದು ತೆಳು ತಂತಿ. ಆಂಪ್ ಹಾಕಿದಾಗ ಏನೂ ಗೊತ್ತಾಗುವುದಿಲ್ಲ. ಹಾಕದೆ ನುಡಿಸಿದರೆ ಐದನೇ ತಂತಿಯ ಕೆಲವು ಸ್ವರಗಳಿಗೆ ಝಿರ್ರ್ ಎಂಬ ಸದ್ದು ಬೆನ್ನುಹತ್ತುತ್ತಿತ್ತು. ರಾತ್ರಿ ಹೊತ್ತು ಮೆಲ್ಲಗೆ ನುಡಿಸುವ ನನಗೆ ಅದನ್ನು ಸಹಿಸಲು ಆಗಲೇ ಇಲ್ಲ.

ಲೋಹದ ಸ್ಯಾಡಲ್ ತೆಗೆದು ರೋಸ್‌ವುಡ್‌ನದ್ದು ಹಾಕಿದೆ. ಇದು ದುಬಾರಿ ವಸ್ತುವಲ್ಲ. ಆದರೆ ತರಿಸುವ ಮುಂಚೆ ಸ್ಯಾಡಲ್ ಹೊರುವ ಎರಡು ಕಂಬಗಳ ನಡುವಿನ ಅಂತರ ಅಳೆದುಕೊಳ್ಳಿ. ಎಲ್ಲ ಗಿಟಾರ್‌ಗೂ ಅದು ಒಂದೇ ಇರುವುದಿಲ್ಲ. ಪಾದ ಕೂರಿಸುವ ಕೆಲಸಕ್ಕೆ ಬೇಕಾದದ್ದು ಮರಳು ಕಾಗದ ಮತ್ತು ತಾಳ್ಮೆ. ಮೊದಲು ಬ್ರಿಡ್ಜ್ ಇರುವ ಜಾಗವನ್ನು ಗುರುತು ಮಾಡಿಕೊಳ್ಳಬೇಕು. ಸುತ್ತಲಿನ ಬಣ್ಣಕ್ಕೆ ಗೀರು ಬೀಳದ ಹಾಗೆ ಟೇಪ್ ಹಚ್ಚಬೇಕು. ಮರಳು ಕಾಗದದ ಒರಟು ಮುಖ ಮೇಲೆ ಬರುವಂತೆ ಅದೇ ಜಾಗದಲ್ಲಿ ಅಂಟಿಸಿ, ಬ್ರಿಡ್ಜ್‌ನ ಪಾದವನ್ನು ಅದರ ಮೇಲೆ ನೇರವಾಗಿ ಹಿಡಿದು ಹಿಂದೆ ಮುಂದೆ ಉಜ್ಜಬೇಕು. ಮೊದಲು 80ರ ಒರಟು ಕಾಗದ, ಕೊನೆಗೆ 220ರ ನಯವಾದದ್ದು. ಗಿಟಾರ್‌ನ ಉಬ್ಬು ತನ್ನ ಆಕಾರವನ್ನು ತಾನೇ ಪಾದಕ್ಕೆ ಕೊಡುತ್ತದೆ. ತಳದ ಪೂರ್ತಿ ಒಂದೇ ಸಮನೆ ಉಜ್ಜಿದ ಗುರುತು ಬಂದಾಗ ಕೆಲಸ ಮುಗಿಯಿತು. ಅವಸರ ಮಾಡಿ ಬ್ರಿಡ್ಜ್ ವಾಲಿಸಿದರೆ ತಳ ಉರುಟಾಗಿಬಿಡುತ್ತದೆ. ಕೈಗೆ ಧೈರ್ಯ ಸಾಲದಿದ್ದರೆ ರಿಪೇರಿ ಮಾಡುವವರಿಗೆ ಕೊಡಿ, ಅವರಿಗಿದು ದಿನನಿತ್ಯದ ಕೆಲಸ.

ತಂತಿ ಬಿಗಿದು ಒಂದು ಸಿ ಮೇಜರ್ ಸೆವೆಂತ್ ಕಾರ್ಡ್ ಹಿಡಿದಾಗ ಗಿಟಾರ್‌ನ ಬೆನ್ನು ನನ್ನ ಹೊಟ್ಟೆಗೆ ತಾಗಿ ನಡುಗಿತು. ಅಲ್ಲಿಯವರೆಗೆ ಹಾಗೆ ಆಗಿರಲಿಲ್ಲ. ಝಿರ್ರ್ ಸದ್ದು ಮಾಯ. ಮೇಲಿನ ಸ್ವರಗಳಿಗೆ ಮೈ ಬಂದಿತ್ತು. ಇಷ್ಟು ಒಳ್ಳೆಯ ಗಿಟಾರ್ ಅಷ್ಟು ದಿನ ಒಳಗೇ ಕೂತಿತ್ತಲ್ಲ ಎಂದು ಸಿಟ್ಟೂ ಬಂತು, ಖುಷಿಯೂ ಆಯಿತು.

ಆಮೇಲೆ ತಂತಿ. ಕಾರ್ಖಾನೆಯಿಂದ ಬಂದಿದ್ದು ತೆಳ್ಳನೆಯ ರೌಂಡ್‌ವೂಂಡ್ (ದುಂಡು ಸರಿಗೆ ಸುತ್ತಿದ) ಸೆಟ್, ರಾಕ್ ನುಡಿಸುವವರಿಗೆ ಸರಿ. ನಾನು 12ರ (ಮೊದಲ ತಂತಿ 0.012 ಇಂಚು ದಪ್ಪ) ಫ್ಲಾಟ್‌ವೂಂಡ್, ಅಂದರೆ ಚಪ್ಪಟೆ ಸರಿಗೆ ಸುತ್ತಿದ ತಂತಿ ಹಾಕಿದೆ. ಇದರಲ್ಲಿ ಮೂರನೇ ತಂತಿಗೂ ಸುತ್ತು ಇರುತ್ತದೆ. ಮರದ ಸ್ಯಾಡಲ್ ಕೊಳ್ಳುವಾಗ ಇದು ನೆನಪಿರಲಿ. ಸುತ್ತಿಲ್ಲದ ಮೂರನೇ ತಂತಿಗೆಂದು ಕೆತ್ತಿದ ಸ್ಯಾಡಲ್ ಮೇಲೆ ಸುತ್ತಿರುವ ತಂತಿ ಹಾಕಿದರೆ, ಫ್ರೆಟ್ ಒತ್ತಿದ ಸ್ವರ ಸ್ವಲ್ಪ ಇಳಿದೇ ಕೇಳಿಸುತ್ತದೆ. ಬ್ರಿಡ್ಜ್ ಎಷ್ಟು ಸರಿಸಿದರೂ ಆ ಒಂದು ತಂತಿ ಉಳಿದವುಗಳ ಜೊತೆ ಹೊಂದುವುದಿಲ್ಲ. ಫ್ಲಾಟ್‌ವೂಂಡ್ ಮಾಮೂಲಿ ತಂತಿಗಿಂತ ದುಬಾರಿ, ನಿಜ. ಆದರೆ ತಿಂಗಳುಗಟ್ಟಲೆ ಬಾಳಿಕೆ ಬರುತ್ತದೆ. ಬೆರಳು ಜಾರುವಾಗ ಕೀರಲು ಸದ್ದಿಲ್ಲ. ಒಂದು ಕಾರ್ಡ್‌ನಿಂದ ಇನ್ನೊಂದಕ್ಕೆ ಹೋಗುವಾಗ ನಡುವೆ ಬರೀ ಮೌನ.

ಈಗ ದಿನಾ ನಡೆಯುವುದು ಹೀಗೆ. ಗಿಟಾರ್ ತೆಗೆದ ತಕ್ಷಣ ಬ್ರಿಡ್ಜ್ ಕಡೆ ಒಂದು ಕಣ್ಣು. ಪಾದದ ಎರಡೂ ಬದಿಗೆ ಸಣ್ಣ ಟೇಪ್ ಚೂರು ಅಂಟಿಸಿದ್ದೇನೆ, ಸರಿದಿದ್ದರೆ ಅಲ್ಲೇ ತಿಳಿಯುತ್ತದೆ. ಆಮೇಲೆ ಮೊದಲ ಮತ್ತು ಆರನೇ ತಂತಿಯ ಹನ್ನೆರಡನೇ ಫ್ರೆಟ್ ಹಾರ್ಮೋನಿಕ್ (ಬೆರಳು ಒತ್ತದೆ ಬರೀ ತಾಗಿಸಿ ಬರಿಸುವ ಸ್ವರ) ಕೇಳಿ, ಅದೇ ಫ್ರೆಟ್ ಒತ್ತಿ ನೋಡುತ್ತೇನೆ. ಒತ್ತಿದ ಸ್ವರ ಏರಿದ್ದರೆ ಬ್ರಿಡ್ಜ್ ಟೇಲ್‌ಪೀಸ್ (ತಂತಿಗಳ ಕೆಳತುದಿ ಹಿಡಿದಿರುವ ಭಾಗ) ಕಡೆಗೆ, ಇಳಿದಿದ್ದರೆ ನೆಕ್ ಕಡೆಗೆ, ಕೂದಲೆಳೆಯಷ್ಟು. ತಂತಿ ಬದಲಿಸುವಾಗ ಒಂದೊಂದನ್ನೇ ಬಿಚ್ಚಿ ಹಾಕುತ್ತೇನೆ. ಎಲ್ಲ ಒಟ್ಟಿಗೆ ಬಿಚ್ಚಿದರೆ ಬ್ರಿಡ್ಜ್ ಕೈಗೇ ಬಂದುಬಿಡುತ್ತದೆ. ನುಡಿಸಿದ ಮೇಲೆ ಒಣ ಬಟ್ಟೆಯಿಂದ ತಂತಿ ಒರೆಸುತ್ತೇನೆ, ಕೆಳಗಡೆಯಿಂದಲೂ. ಆಂಪ್ ಹಾಕುವ ದಿನ ನೆಕ್ ಪಿಕಪ್, ಟೋನ್ ಗುಂಡಿ ಅರ್ಧಕ್ಕಿಂತ ಕೆಳಗೆ. ಪಿಕ್ ಪಕ್ಕಕ್ಕಿಟ್ಟು ಹೆಬ್ಬೆರಳಿನ ಮಾಂಸದಿಂದ ಮೀಟುವುದು ನನಗೆ ತುಂಬ ಇಷ್ಟ. ಜಾಝ್ ಗಿಟಾರಿಸ್ಟ್ ವೆಸ್ ಮಾಂಟ್‌ಗಮರಿ ತಮ್ಮ ಸಂಗೀತವನ್ನು ಹಾಗೇ ನುಡಿಸಿದರು. ಹೆಬ್ಬೆರಳಿಗೆ ಈ ಫ್ಲಾಟ್‌ವೂಂಡ್‌ಗಳು ಕೊಡುವ ದುಂಡನೆಯ ನಾದ ಕೇಳಿದ ಮೇಲೆ ಎರಡನೇ ಪಿಕಪ್ ಕಡೆ ನಾನು ಹೋಗುವುದೇ ಅಪರೂಪ.

ಲ್ಯಾಮಿನೇಟೆಡ್ ಅಂದರೆ ಪ್ಲೈವುಡ್, ಅದು ಎರಡನೇ ದರ್ಜೆ ಎನ್ನುವ ಮಾತು ತುಂಬ ಕೇಳಿಬರುತ್ತದೆ. ಇದನ್ನು ನಾನು ಒಪ್ಪುವುದಿಲ್ಲ. ಗಿಬ್ಸನ್ ಕಂಪನಿಯ ಇಎಸ್-175 ಗಿಟಾರ್ ಬಂದಿದ್ದು 1949ರಲ್ಲಿ, ಲ್ಯಾಮಿನೇಟೆಡ್ ಮೇಪಲ್‌ನಲ್ಲೇ. ಜಾಝ್ ಗಿಟಾರಿಸ್ಟ್‌ಗಳಾದ ಜೋ ಪಾಸ್, ಜಿಮ್ ಹಾಲ್, ಪ್ಯಾಟ್ ಮೆಥೀನಿ ಹೆಸರು ಮಾಡಿದ್ದು ಅದೇ ಗಿಟಾರ್ ಹಿಡಿದು. ಘನ ಮರದ ಕೆತ್ತಿದ ಟಾಪ್ (ಮೇಲ್ಭಾಗ) ಬೇಕಾಗಿದ್ದಕ್ಕೆ ಬೇರೆ ಕಾರಣವಿತ್ತು. ಅಂಥ ಟಾಪ್ ಇದ್ದ ಗಿಬ್ಸನ್‌ನ 1922ರ ಎಲ್-5 ಗಿಟಾರ್ ಕಾಲದಲ್ಲಿ ಗಿಟಾರ್‌ಗೆ ಆಂಪ್ ಇರಲಿಲ್ಲ, ವಾದ್ಯವೃಂದದ ಹಿತ್ತಾಳೆ ವಾದ್ಯಗಳ ನಡುವೆ ಗಿಟಾರ್ ಕೇಳಿಸಬೇಕಿತ್ತು. ಕೌಂಟ್ ಬೇಸಿಯ ಜಾಝ್ ತಂಡದಲ್ಲಿ ಫ್ರೆಡ್ಡಿ ಗ್ರೀನ್ ಆಂಪ್ ಇಲ್ಲದೆ ದಶಕಗಟ್ಟಲೆ ನುಡಿಸಿದ ಕಾರ್ಡ್‌ಗಳಿಗೆ ಅಂಥ ಗಿಟಾರೇ ಬೇಕು. 1936ರಲ್ಲಿ ಪಿಕಪ್ ಇದ್ದ ಗಿಬ್ಸನ್ ಇಎಸ್-150 ಬಂತು, ಚಾರ್ಲಿ ಕ್ರಿಶ್ಚಿಯನ್ ಅದರಲ್ಲಿ ಒಂಟಿ ಸ್ವರಗಳ ಸೋಲೋ ನುಡಿಸಿದರು, ಗಿಟಾರ್‌ನ ಕೆಲಸವೇ ಬದಲಾಯಿತು. ಪಿಕಪ್ ಬಂದ ಮೇಲೆ ಟಾಪ್ ತುಂಬ ನಡುಗಿದರೆ ಅದೇ ತೊಂದರೆ, ಆಂಪ್‌ನ ಸದ್ದೇ ಮತ್ತೆ ಪಿಕಪ್‌ಗೆ ಸೇರಿ ಫೀಡ್‌ಬ್ಯಾಕ್ ಕೂಗುತ್ತದೆ. ಲ್ಯಾಮಿನೇಟ್ ಗಡುಸು, ಅಷ್ಟು ಬೇಗ ಕೂಗುವುದಿಲ್ಲ. ನೀವು ಮುಖ್ಯವಾಗಿ ಆಂಪ್‌ನಲ್ಲಿ ನುಡಿಸುವವರಾದರೆ ಚೆನ್ನಾಗಿ ಮಾಡಿದ ಲ್ಯಾಮಿನೇಟ್ ತೆಗೆದುಕೊಳ್ಳಿ. ಅಗ್ಗದ ಘನ ಟಾಪ್‌ಗೆ ಆಸೆಪಡಬೇಡಿ.

ಕೂಗುವುದೇ ಇಲ್ಲ ಎಂದಲ್ಲ. ಡ್ರಮ್ಸ್ ಜೊತೆ ನುಡಿಸುವಾಗ ಆಂಪ್ ನನ್ನ ಬೆನ್ನ ಹಿಂದೆ ನೇರ ಇದ್ದರೆ ಜಿ ಸ್ವರದ ಹತ್ತಿರ ಊಳಿಡುತ್ತದೆ. ಆಂಪನ್ನು ಪಕ್ಕಕ್ಕೆ ತಿರುಗಿಸಿ ಬಾಸ್ ಸ್ವಲ್ಪ ಇಳಿಸಿದರೆ ನನ್ನ ಮಟ್ಟಿಗೆ ಸಾಕು. ಇದಕ್ಕಿಂತ ಜೋರು ಬೇಕಿದ್ದವರು ನಡುವೆ ಮರದ ದಿಮ್ಮಿ ಇರುವ ಇಎಸ್-335 ಜಾತಿಯ ಗಿಟಾರ್ ನೋಡುವುದು ಒಳ್ಳೆಯದು. ಅದರ ಬ್ರಿಡ್ಜ್ ಸರಿಯುವುದೂ ಇಲ್ಲ. ಆಂಪ್ ಇಲ್ಲದ ಹೊತ್ತಿನ ಈ ನಾದ ಮಾತ್ರ ಅದರಲ್ಲಿ ಸಿಗುವುದಿಲ್ಲ.

ಸೆಕೆಂಡ್ ಹ್ಯಾಂಡ್ ನೋಡುವವರು ತಂತಿಯ ಎತ್ತರ ಹೊಂದಿಸುವ ಬ್ರಿಡ್ಜ್‌ನ ತಿರುಗುಚಕ್ರಗಳನ್ನು ಮೊದಲು ಗಮನಿಸಿ. ಅವು ಪೂರ್ತಿ ಕೆಳಗಿಳಿದಿದ್ದೂ ತಂತಿ ಇನ್ನೂ ಎತ್ತರದಲ್ಲಿದ್ದರೆ, ಟ್ರಸ್ ರಾಡ್‌ (ನೆಕ್‌ನ ಬಾಗು ಹೊಂದಿಸುವ ಒಳಗಿನ ಸಲಾಕೆ) ತಿರುಗಿಸಿದರೂ ಅದು ಇಳಿಯದಿದ್ದರೆ, ನೆಕ್‌ನ ಕೋನವೇ ಕೆಟ್ಟಿರುವ ಸಾಧ್ಯತೆ ದೊಡ್ಡದು. ನೆಕ್ ಬಿಚ್ಚಿ ಮತ್ತೆ ಕೂರಿಸುವ ಖರ್ಚು ಅಗ್ಗದ ಗಿಟಾರ್‌ನ ಬೆಲೆಯನ್ನೇ ಮೀರಬಹುದು. ಬೇರೆ ಗೀರು, ಮಾಸಿದ ಬಣ್ಣ, ತಿರುಗಲು ಬಿಗಿಯಾದ ಶ್ರುತಿ ಕೀಲಿ ಯಾವುದಕ್ಕೂ ಹೆದರಬೇಕಿಲ್ಲ. ಎಫ್ ರಂಧ್ರದೊಳಗೆ ಟಾರ್ಚ್ ಹಾಕಿ ಟಾಪ್ ಕುಸಿದಿದೆಯೇ, ಬ್ರೇಸ್ (ಒಳಗಿನ ಆಧಾರ ಪಟ್ಟಿ) ಬಿಟ್ಟಿದೆಯೇ ಎಂದೂ ನೋಡಿ. ಹೊಸದು ಕೊಳ್ಳುವವರಾದರೆ ಕೈಯಲ್ಲಿರುವ ದುಡ್ಡನ್ನೆಲ್ಲ ಗಿಟಾರ್‌ಗೇ ಹಾಕಬೇಡಿ. ಸ್ವಲ್ಪ ಕಡಿಮೆಯದನ್ನು ಕೊಂಡು ಸ್ಯಾಡಲ್, ಫ್ಲಾಟ್‌ವೂಂಡ್, ಸೆಟಪ್‌ಗೆ ಉಳಿಸಿಕೊಳ್ಳಿ.

ನನ್ನ ಗಿಟಾರ್‌ನಲ್ಲಿ ಇನ್ನೂ ಒಂದು ಕೆಲಸ ಬಾಕಿ ಇದೆ. ನೆಕ್‌ನ ಮೇಲ್ತುದಿಯಲ್ಲಿ ತಂತಿಗಳು ಹಾಯುವ ಪಟ್ಟಿಯಾದ ನಟ್‌ನ ಸೀಳುಗಳನ್ನು ತೆಳ್ಳನೆಯ ತಂತಿಗೆಂದು ಕೊರೆದಿದ್ದಾರೆ. ದಪ್ಪನೆಯ ಮೂರನೇ ತಂತಿ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಶ್ರುತಿ ಮಾಡುವಾಗ ಟಿಂಗ್ ಎಂದು ಹಾರಿ ಅರ್ಧ ಸ್ವರ ಜಿಗಿಯುತ್ತದೆ. ಸದ್ಯಕ್ಕೆ ಪೆನ್ಸಿಲ್ ಸೀಸ ಉಜ್ಜಿ ಕಾಲ ತಳ್ಳುತ್ತಿದ್ದೇನೆ. ಸೀಳು ಅಗಲಿಸಲು ಸರಿಯಾದ ಅಳತೆಯ ಅರ (ಫೈಲ್) ಬೇಕು. ಆಳ ಜಾಸ್ತಿಯಾದರೆ ತಂತಿ ಮೊದಲ ಫ್ರೆಟ್‌ಗೆ ಬಡಿಯುತ್ತದೆ, ಹೊಸ ನಟ್ಟೇ ಹಾಕಬೇಕಾಗುತ್ತದೆ. ಅದಕ್ಕೆ ಇದನ್ನು ಮಾತ್ರ ರಿಪೇರಿಯವರಿಗೇ ಬಿಡುತ್ತೇನೆ.