ನಾಲ್ಕು ಭಾನುವಾರಗಳ ನವಾಹೊ ಕಾನೂನು: ಕಲಬುರಗಿಯ ಒಂದು ತರಗತಿಯ ವಿಮರ್ಶೆ

ಜಗತ್ ವೃತ್ತದ ಹತ್ತಿರದ ಸಭಾಂಗಣವೊಂದರಲ್ಲಿ ನಾಲ್ಕು ಭಾನುವಾರ ನಡೆದ ರೂಢಿ ಕಾನೂನಿನ ತರಗತಿಗೆ 1,200 ರೂಪಾಯಿ ಕಟ್ಟಿ ಸೇರಿದ್ದೆ. ಕಲಬುರಗಿಯ ಸಿವಿಲ್ ನ್ಯಾಯಾಲಯಗಳಲ್ಲಿ ಹದಿನಾಲ್ಕು ವರ್ಷಗಳಿಂದ ವಕೀಲಿ ಮಾಡುತ್ತಿರುವ ನನಗೆ, ಉಡಿಕಿ ಮದುವೆ, ಅಂದರೆ ವಿಧವೆಯ ಅಥವಾ ಗಂಡನನ್ನು ಬಿಟ್ಟವಳ ಮರುಮದುವೆ, ಊರ್ಜಿತವೇ, ಪಂಚರ ಮುಂದೆ ಬರೆದುಕೊಟ್ಟ ಸೋಡಚೀಟಿಯಿಂದ ದಾಂಪತ್ಯ ಮುಗಿಯಿತೇ ಎಂಬ ಪ್ರಶ್ನೆಗಳು ಹೊಸವಲ್ಲ. ಆದರೆ ಪಾಠವೆಲ್ಲ ಅಮೆರಿಕದ ನವಾಹೊ ಬುಡಕಟ್ಟಿನ ನ್ಯಾಯಾಲಯಗಳ ಬಗ್ಗೆ ಎಂದು ತಿಳಿದಾಗ, ಇದರಿಂದ ನನಗೇನು ಉಪಯೋಗ ಎಂಬ ಅನುಮಾನ ಇಟ್ಟುಕೊಂಡೇ ಹೋದೆ.

ಅನುಮಾನ ಎರಡನೆಯ ವಾರಕ್ಕೇ ಹೋಯಿತು. ಹಿಂದೂ ವಿವಾಹ ಕಾಯ್ದೆಯ 29(2)ನೇ ಕಲಮು ರೂಢಿಯ ವಿಚ್ಛೇದನವನ್ನು ಉಳಿಸಿದ್ದರೂ, ಅಂಥ ರೂಢಿ ಬಹುಕಾಲದಿಂದ ನಿರಂತರವಾಗಿ, ಏಕರೂಪವಾಗಿ ನಡೆದುಬಂದಿದೆ ಎಂಬುದನ್ನು ಹೇಳಿಕೊಂಡವರೇ ಸಾಕ್ಷಿಗಳ ಮೂಲಕ ರುಜುವಾತು ಮಾಡಬೇಕು. ಹೀಗೆ ನಮ್ಮಲ್ಲಿ ರೂಢಿಯೆಂಬುದು ಮೊದಲು ಒಂದು ಸಂಗತಿ, ಆಮೇಲೆ ಕಾನೂನು. ನವಾಹೊ ನ್ಯಾಯಾಲಯದಲ್ಲಿ ಅದು ಮೊದಲಿನಿಂದಲೇ ಕಾನೂನು. ಎಲ್ಲರಿಗೂ ಗೊತ್ತಿರುವ ಸಂಪ್ರದಾಯವನ್ನು ನ್ಯಾಯಾಧೀಶರು ತಾವೇ ಗಮನಕ್ಕೆ ತೆಗೆದುಕೊಳ್ಳುತ್ತಾರೆ, ವಿವಾದವಿದ್ದರೆ ಮಾತ್ರ ಬಲ್ಲ ಹಿರಿಯರನ್ನು ಕರೆದು ಕೇಳುತ್ತಾರೆ. ನ್ಯಾಯಾಧೀಶರಾಗುವವರಿಗೆ ನವಾಹೊ ಭಾಷೆ ಬರಬೇಕು, ಸಂಸ್ಕೃತಿ ತಿಳಿದಿರಬೇಕು ಎಂಬ ಅರ್ಹತೆಯನ್ನು ಇಟ್ಟಿರುವುದರ ಮರ್ಮ ಇದೇ. ಉಪನ್ಯಾಸಕರು ಈ ಒಂದು ವ್ಯತ್ಯಾಸದ ಮೇಲೆಯೇ ಎರಡು ತಾಸು ನಿಂತರು. ನಿವೃತ್ತ ಕಾನೂನು ಅಧ್ಯಾಪಕರಾದ ಅವರಿಗೆ ವಿಷಯದ ಮೇಲಿನ ಹಿಡಿತ ಎಷ್ಟಿತ್ತೆಂದರೆ, ನಡುವೆ ಕರೆಂಟು ಹೋದಾಗಲೂ ಮಾತು ತಪ್ಪಲಿಲ್ಲ.

ಇತಿಹಾಸದ ಭಾಗ ಚುಟುಕಾಗಿತ್ತು. 1892ರಲ್ಲಿ ಅಮೆರಿಕದ ಕೇಂದ್ರ ಸರ್ಕಾರದ ಅಧಿಕಾರಿಗಳು ಹೇರಿದ ನ್ಯಾಯಾಲಯ, 1959ರಲ್ಲಿ ಬುಡಕಟ್ಟೇ ಆರಂಭಿಸಿದ ಸ್ವಂತ ನ್ಯಾಯಾಲಯಗಳು, 1985ರ ಸುಧಾರಣೆಯಿಂದ ನವಾಹೊ ರಾಜಧಾನಿ ವಿಂಡೋ ರಾಕ್‌ನಲ್ಲಿ ಬಂದ ನವಾಹೊ ಸರ್ವೋಚ್ಚ ನ್ಯಾಯಾಲಯ, ಮೂಲಭೂತ ಕಾನೂನುಗಳನ್ನು ಬುಡಕಟ್ಟಿನ ಶಾಸನ ಮಂಡಳಿಯೇ ಲಿಖಿತವಾಗಿ ಅಂಗೀಕರಿಸಿದ 2002ರ ನಿರ್ಣಯ, ಇಷ್ಟನ್ನೂ ಅರ್ಧ ಗಂಟೆಯಲ್ಲಿ ಮುಗಿಸಿದರು. ನನಗೆ ಅಷ್ಟೇ ಸಾಕಾಗಿತ್ತು.

ತರಗತಿಯ ಜೀವ ಇದ್ದದ್ದು ಪ್ರಕರಣಗಳಲ್ಲಿ. ಲಕೋಟಾ ಸಮುದಾಯದ ಹೋರಾಟಗಾರ ರಸೆಲ್ ಮೀನ್ಸ್ ತಾನು ನವಾಹೊ ಅಲ್ಲವಾದ್ದರಿಂದ ಆ ನ್ಯಾಯಾಲಯಕ್ಕೆ ತನ್ನ ಮೇಲೆ ಅಧಿಕಾರವಿಲ್ಲವೆಂದು ವಾದಿಸಿದಾಗ, ನವಾಹೊ ಹೆಣ್ಣನ್ನು ಮದುವೆಯಾಗಿ ಅಲ್ಲಿ ಬಾಳಿದವನು ‘ಹದಾನೆ’, ಅಂದರೆ ಆ ಊರಿನ ಬೀಗತನಕ್ಕೆ ಸೇರಿದವನು, ಆ ನಂಟಿನ ಹೊಣೆಯೂ ಅವನ ಮೇಲಿದೆ ಎಂದು 1999ರಲ್ಲಿ ನವಾಹೊ ಸರ್ವೋಚ್ಚ ನ್ಯಾಯಾಲಯ ಹೇಳಿತು. ಅಳಿಯ ಅಂದಮೇಲೆ ಊರ ಹಿರೇರ ಮಾತು ಕೇಳಬೇಕಲ್ಲ ಎಂದು ಹಿಂದಿನ ಸಾಲಿನಿಂದ ಒಬ್ಬರು ಅಂದಾಗ ಸಭೆಯೆಲ್ಲ ನಕ್ಕಿತು. ಮುಂದೆ 2005ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯವೂ ಆ ಅಧಿಕಾರವನ್ನು ಎತ್ತಿಹಿಡಿಯಿತಾದರೂ, ಬೀಗತನವನ್ನು ನೆಚ್ಚಿಕೊಳ್ಳದೆ ಅಮೆರಿಕದ ಸಂಸತ್ತಿನ ಶಾಸನವನ್ನೇ ಆಧಾರವಾಗಿ ಇಟ್ಟುಕೊಂಡಿತು ಎಂಬ ಸೂಕ್ಷ್ಮವನ್ನೂ ಉಪನ್ಯಾಸಕರು ಬಿಡಲಿಲ್ಲ.

ಇನ್ನೊಂದು, 2004ರ ರೋಡ್ರಿಗೆಜ್ ಪ್ರಕರಣ. ಪೊಲೀಸರು ಆರೋಪಿಯ ಹಕ್ಕುಗಳನ್ನು ಬರೆದ ಫಾರಂ ಮುಂದಿಟ್ಟು ಸಹಿ ಹಾಕಿಸಿಕೊಂಡರೆ ಸಾಲದು. ‘ಹಝೋಓಗೊ’, ಅಂದರೆ ಗೌರವದಿಂದ, ತಾಳ್ಮೆಯಿಂದ, ಅರ್ಥವಾಗುವಂತೆ ತಿಳಿಸಿ ಹೇಳಿರಬೇಕು ಎಂಬುದು ಅದರ ತೀರ್ಪು. ಇಂಗ್ಲಿಷ್ ವಕಾಲತ್ತಿನ ಕೆಳಗೆ ದಿನವೂ ಕಕ್ಷಿದಾರರ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ನಮ್ಮಲ್ಲಿ ಹಲವರು ಆ ಹೊತ್ತು ತಲೆ ತಗ್ಗಿಸಿ ಟಿಪ್ಪಣಿ ಬರೆಯುತ್ತಿದ್ದರು. ನಾನೂ ಅವರಲ್ಲಿ ಒಬ್ಬ.

ಮೂರನೆಯ ವಾರ ಮಾತ್ರ ನಿರಾಸೆಯಾಯಿತು. ಅಂದಿನ ವಿಷಯ 1982ರಲ್ಲಿ ಆರಂಭವಾದ ಪೀಸ್‌ಮೇಕರ್ ಕೋರ್ಟು. ಪ್ರಾರ್ಥನೆಯಿಂದ ಶುರುವಾಗಿ, ಎರಡೂ ಕಡೆಯ ಬಂಧುಗಳು ಕೂತು ಮಾತಾಡಿ, ‘ಕೆ’ ಎಂಬ ನಂಟಿನ ಹೊಣೆಯನ್ನು ನೆನೆದು, ‘ನಾಲ್ಯೇ’ ಎಂಬ ಪರಿಹಾರವನ್ನು ಒಪ್ಪಿ ಏಳುವ ಕ್ರಮ ಅದು. ನಡೆಸಿಕೊಡುವ ‘ನಾತಾನಿ’ ನಮ್ಮ ಮಧ್ಯಸ್ಥಿಕೆ ಕೇಂದ್ರದ ಮಧ್ಯಸ್ಥರಂತೆ ಅಪರಿಚಿತನೂ ಅಲ್ಲ, ಬಾಯಿ ಕಟ್ಟಿಕೊಂಡವನೂ ಅಲ್ಲ. ಜನ ನಂಬಿದ ಹಿರಿಯನಾಗಿ ಹಳೆಯ ಕಥೆಗಳನ್ನು ಹೇಳಿ ಬುದ್ಧಿ ಹೇಳುವವನು. ಅಂದು ಬಂದಿದ್ದ ಅತಿಥಿ ಉಪನ್ಯಾಸಕರು ಇದನ್ನೆಲ್ಲ ಹೇಳಿ, ಕೊನೆಗೆ ಇದು ನಮ್ಮ ಊರ ಪಂಚಾಯಿತಿಯೇ ಎಂದುಬಿಟ್ಟರು. ಅಲ್ಲ. ನಾತಾನಿಗೆ ತೀರ್ಪು ಹೇರುವ ಅಧಿಕಾರವಿಲ್ಲ, ಅವನ ಬೆನ್ನಿಗೆ ಬುಡಕಟ್ಟಿನದೇ ಶಾಸನ ಮತ್ತು ನ್ಯಾಯಾಲಯಗಳಿವೆ. ನಮ್ಮ ಕಡೆಯ ಪಂಚರು ದಂಡ ಹಾಕಿದ್ದನ್ನೂ, ಒಂದು ಮನೆಗೆ ಬೆಂಕಿ ನೀರು ಕೊಡಬಾರದೆಂದು ಬಹಿಷ್ಕಾರ ಹಾಕಿದ್ದನ್ನೂ ನಾನು ಕಕ್ಷಿದಾರರ ಬಾಯಿಂದಲೇ ಕೇಳಿದ್ದೇನೆ. 2023ರ ಮಧ್ಯಸ್ಥಿಕೆ ಕಾಯ್ದೆಯ ಸಮುದಾಯ ಮಧ್ಯಸ್ಥಿಕೆಯ ಅಧ್ಯಾಯವನ್ನು ಇಟ್ಟುಕೊಂಡು ಹೋಲಿಸಿದ್ದರೆ ಪಾಠಕ್ಕೆ ತೂಕ ಬರುತ್ತಿತ್ತು. ಆ ಬಗ್ಗೆ ಕೇಳಿದ ಪ್ರಶ್ನೆಗೆ ಸಮಯ ಮುಗಿಯಿತೆಂಬ ಉತ್ತರ ಸಿಕ್ಕಿತು.

ಟಿಪ್ಪಣಿ ಪುಸ್ತಕದ ಬಗ್ಗೆ ಹೇಳದಿದ್ದರೆ ವಿಮರ್ಶೆ ಪೂರ್ಣವಾಗದು. ಎಂಬತ್ತು ಪುಟಗಳ ಆ ಪುಸ್ತಕವನ್ನು ಯಂತ್ರದ ಅನುವಾದಕ್ಕೆ ಹಾಕಿ, ಯಾರೂ ಓದಿ ನೋಡದೆ ಮುದ್ರಿಸಿದಂತಿದೆ. ಅರಿಜೋನಾ, ನ್ಯೂ ಮೆಕ್ಸಿಕೊ, ಯೂಟಾ ರಾಜ್ಯಗಳಲ್ಲಿ ಹರಡಿರುವ ನವಾಹೊ ರಿಸರ್ವೇಶನ್ನಿಗೆ, ಅಂದರೆ ಬುಡಕಟ್ಟಿಗೆಂದು ಕಾದಿರಿಸಿದ ನೆಲಕ್ಕೆ, ಅದರಲ್ಲಿ ‘ನವಾಹೊ ಮೀಸಲಾತಿ’ ಎಂದಿದೆ; ಓದಿದ ಕಿರಿಯ ವಕೀಲರೊಬ್ಬರು ಆ ಮೀಸಲಾತಿ ಶೇಕಡಾ ಎಷ್ಟು ಎಂದು ನನ್ನನ್ನು ಕೇಳಿದರು. ಪೀಸ್‌ಮೇಕರ್ ಆಗಿರುವುದು ‘ಶಾಂತಿ ತಯಾರಕ’.

ಊಟದ ಹೊತ್ತಿಗೆ ಮುಂಚೆ ಕೊಟ್ಟ ಸುಸಲಾ, ಮಿರ್ಚಿ, ಚಹಾ ಚೆನ್ನಾಗಿದ್ದವು. ಮೇ ತಿಂಗಳ ಬಿಸಿಲಿಗೆ ಎರಡು ಫ್ಯಾನು ಸಾಲಲಿಲ್ಲ. ಕೌಟುಂಬಿಕ ವ್ಯಾಜ್ಯ, ವಾರಸಾ ಪ್ರಕರಣ ನಡೆಸುವ ವಕೀಲರು ಮುಂದಿನ ತಂಡಕ್ಕೆ ಧಾರಾಳವಾಗಿ ಸೇರಬಹುದು. ಬರೀ ಮಧ್ಯಸ್ಥಿಕೆಯ ಕೌಶಲ ಕಲಿಯಲು ಹೋಗುವವರಿಗೆ ಶುಲ್ಕ ದಂಡ. ತಪ್ಪುಗಳಿಗೆ ಕೆಂಪು ಗೆರೆ ಎಳೆದ ನನ್ನ ಪ್ರತಿಯನ್ನು ಸಂಘಟಕರಿಗೆ ಕೊಟ್ಟು ಬಂದಿದ್ದೇನೆ. ಮರುಮುದ್ರಣದಲ್ಲಿ ತಿದ್ದುತ್ತೇವೆ ಎಂದಿದ್ದಾರೆ.